ಹತ್ತು ಗಂಟೆ ನಲವತ್ತೇಳು ನಿಮಿಷದ ತಾಳಿ

ಮದುವೆ ಆಲ್ಬಂ ಕಟ್ಟುವುದರಲ್ಲಿ ಇಡೀ ಅರಸೀಕೆರೆ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಈ ನಂಬಿಕೆಗೆ ನನ್ನ ಡೈರಿಯಲ್ಲಿ ಆಧಾರವೂ ಇತ್ತು: ಎರಡು ವರ್ಷ, ಮೂವತ್ತೊಂದು ಆಲ್ಬಂ, ದೂರು ಸೊನ್ನೆ. ಫೋಟೊ ತೆಗೆಯುವುದೂ ನಾನೇ, ಹಾಳೆ ಕತ್ತರಿಸಿ, ಅಂಟಿಸಿ, ರಟ್ಟು ಹಾಕಿ ಹೊಲಿಯುವುದೂ ನಾನೇ. ಹಾಗಾಗಿ ನಾದಿನಿ ಸೌಮ್ಯಳ ಮದುವೆ ಬಾಣಾವರದ ಛತ್ರದಲ್ಲಿ ಎಂದು ಗೊತ್ತಾದ ಕೂಡಲೇ, "ಆಲ್ಬಂ ನನ್ನ ಉಡುಗೊರೆ" ಎಂದು ಘೋಷಿಸಿಬಿಟ್ಟೆ.

"ಮನೆ ಸೊಸೆ ಕ್ಯಾಮೆರಾ ಹಿಡ್ಕೊಂಡು ಓಡಾಡಿದ್ರೆ ಆರತಿ ತಟ್ಟೆ ಹಿಡಿಯೋರ್ಯಾರು?" ಎಂದರು ಅತ್ತೆ.

"ಎರಡನ್ನೂ ಹಿಡೀತಾಳೆ ಬಿಡಮ್ಮ, ಟೈಂಟೇಬಲ್ ಹಾಕ್ಕೊಂಡಿದಾಳೆ," ಎಂದರು ನಮ್ಮವರು. ಅದು ಹೊಗಳಿಕೆಯೋ ದೂರೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಮದುವೆ ಮುಗಿಯಿತು. ಆಲ್ಬಂ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ದಪ್ಪನೆಯ ಕಪ್ಪು ಹಾಳೆ ನಲವತ್ತು, ಫೋಟೊ ನೂರ ಹನ್ನೆರಡು, ಫೋಟೊದ ಮೂಲೆಗಳನ್ನು ಸಿಕ್ಕಿಸುವ ಪುಟ್ಟ ಕಾಗದದ ತ್ರಿಕೋನ ನಾನೂರ ನಲವತ್ತೆಂಟು. ಅವುಗಳಲ್ಲಿ ಮೂರು ನಮ್ಮವರ ತಲೆಗೂದಲಿಗೆ ಅಂಟಿಕೊಂಡು ಆಫೀಸಿಗೆ ಹೋಗಿ ಬಂದವು.

ಎಲ್ಲ ಮುಗಿದ ಮೇಲೆ ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು. ಪ್ರತಿ ಫೋಟೊದ ಕೆಳಗೆ ಬಿಳಿ ಶಾಯಿಯಲ್ಲಿ ಸಮಯ ಬರೆದರೆ? ಕ್ಯಾಮೆರಾದಲ್ಲಿ ದಾಖಲಾದಂತೆಯೇ, ನಿಮಿಷ ಸಮೇತ! ಬರೆದೆ. ಅಷ್ಟಕ್ಕೇ ಬಿಡದೆ ಮೊದಲ ಪುಟದಲ್ಲಿ "ಇಲ್ಲಿನ ಎಲ್ಲ ಸಮಯಗಳೂ ನಿಖರ" ಎಂದು ಪ್ರಮಾಣಪತ್ರವನ್ನೂ ಕೊಟ್ಟುಕೊಂಡೆ.

ಭಾನುವಾರ ಆಲ್ಬಮ್ಮನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ನಾನು, ನಮ್ಮವರು, ಅತ್ತೆ ಮೂವರೂ ಹಳೇಬೀಡಿನ ಬೀಗರ ಮನೆಗೆ ಹೋದೆವು. ಸೌಮ್ಯಳ ಅತ್ತೆ ಜಯಮ್ಮನವರು ಕನ್ನಡಕ ಏರಿಸಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟರು. ಮದುವೆ ಆಲ್ಬಮ್ಮನ್ನು ಜನ ನೋಡುತ್ತಾರೆ. ಇವರು ಓದಿದರು!

"ಒಂಬತ್ತು ಐದು, ದಿಬ್ಬಣ ಬಂತು. ಆಹಾ! ಎಷ್ಟ್ ಅಚ್ಚುಕಟ್ಟಾಗ್ ಬರ್ದಿದೀಯವ್ವಾ!"

ನಾನು ಉಬ್ಬಿದೆ. ಬೆರಳು ನಡುವಿನ ಪುಟಕ್ಕೆ ಬಂತು.

"ಹತ್ತು ನಲವತ್ತೇಳು, ಮಾಂಗಲ್ಯಧಾರಣೆ." ಬೆರಳು ಅಲ್ಲೇ ನಿಂತಿತು. "ಹರೀಶ, ಲಗ್ನಪತ್ರಿಕೆ ತತ್ತಾ ಇಲ್ಲಿ."

ಸೌಮ್ಯಳ ಗಂಡ ಹರೀಶ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದ ಪತ್ರಿಕೆ ತಂದುಕೊಟ್ಟ. ಶುಕ್ರವಾರ. ಮುಹೂರ್ತ ಒಂಬತ್ತು ಐವತ್ತರಿಂದ ಹತ್ತು ಇಪ್ಪತ್ತೈದರವರೆಗೆ.

"ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರುವಾಯ್ತದೆ! ರಾಹುಕಾಲದಲ್ಲಿ ತಾಳಿ ಕಟ್ಸ್ಬಿಟ್ಟವ್ರಲ್ಲಪ್ಪೋ!"

ಆ ದಿನ ಗಡಿಯಾರ ನೋಡಿದ ನೆನಪು ಹಿರಿಯರಿಬ್ಬರಿಗೂ ಇರಲಿಲ್ಲ. ಗಟ್ಟಿಮೇಳದ ಹೊತ್ತಿಗೆ ಎಲ್ಲರ ಗಮನ ಅಕ್ಷತೆ ಎಸೆಯುವುದರ ಮೇಲೆ!

"ನಿಮ್ಮ ಹುಡ್ಗಿ ಅಲಂಕಾರ ಮುಗೀದೆ ತಡ ಆಗೈತೆ ಕಣ್ರೀ," ಎಂದರು ಜಯಮ್ಮನವರು.

"ಅಲಂಕಾರ ಯಾವಾಗ್ಲೋ ಮುಗ್ದಿತ್ತು. ನಿಮ್ಮ ದಿಬ್ಬಣದ ಬಸ್ಸೇ ತಡವಾಗಿ ಬಂದಿದ್ದು," ಎಂದರು ನಮ್ಮತ್ತೆ.

ಸಂಧಾನಕ್ಕೆ ನಾನು ಧುಮುಕಿದೆ. ಆಲ್ಬಂ ತಿರುವಿ ಇಬ್ಬರಿಗೂ ಪುರಾವೆ ತೋರಿಸಿದೆ. ಅಲಂಕಾರ ಮುಗಿದದ್ದು ಎಂಟು ನಲವತ್ತಕ್ಕೆ. ಬಸ್ಸು ಬಂದದ್ದು ಒಂಬತ್ತು ಐದಕ್ಕೆ. ಎರಡೂ ಕಡೆಯವರು ನಿರಪರಾಧಿಗಳೆಂದು ಸಂಶಯಾತೀತವಾಗಿ ಸಾಬೀತಾಯಿತು. ರಾಹುಕಾಲ ಮಾತ್ರ ಹಾಗೇ ಉಳಿಯಿತು!

"ಕ್ಯಾಮೆರಾದ ಗಡಿಯಾರ ಮುಂದೆ ಓಡ್ತಿತ್ತೋ ಏನೋ," ಎಂದೆ ಮೆಲ್ಲಗೆ.

"ಛೇ ಛೇ! ಅವತ್ತು ಬೆಳಿಗ್ಗೆ ರೇಡಿಯೋ ಮುಂದೆ ಕೂತು ಸೆಕೆಂಡ್ ಸಮೇತ ಸರಿ ಮಾಡಿದಾಳೆ. ನಾನೇ ಸಾಕ್ಷಿ!" ಎಂದರು ನಮ್ಮವರು. ಮದುವೆಯಾದ ನಾಲ್ಕು ವರ್ಷಗಳಲ್ಲಿ ಅವರು ನಾಲ್ಕು ಜನರ ಮುಂದೆ ನನ್ನ ಪರವಾಗಿ ಮಾತಾಡಿದ್ದು ಅದೇ ಮೊದಲು.

ಜಯಮ್ಮನವರು ಆಲ್ಬಂ ಮುಚ್ಚಿದರು. "ಆಗಿದ್ದು ಆಗೋಯ್ತು. ಒಳ್ಳೆ ಮುಹೂರ್ತ ನೋಡಿ ತಿರ್ಗಾ ತಾಳಿ ಕಟ್ಟಿಸ್ಬೇಕು. ಅಲ್ಲೀಗಂಟ ಸೌಮ್ಯ ನಿಮ್ಮನೇಲೇ ಇರ್ಲಿ. ಇವತ್ತೇ ಕರ್ಕಂಡೋಗಿ."

ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡರು. ಕಾಫಿ ತಟ್ಟೆ ಹಿಡಿದು ಬಂದಿದ್ದ ಸೌಮ್ಯ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅವಳು ನನ್ನ ಮುಖ ನೋಡಿದಳು. ಹರೀಶನೂ ನೋಡಿದ. ಇಬ್ಬರೂ ತುಟಿ ಬಿಚ್ಚಲಿಲ್ಲ. ಬಿಚ್ಚಬಾರದೆಂದು ಛತ್ರದಲ್ಲೇ ಅವರಿಂದ ಆಣೆ ಹಾಕಿಸಿಕೊಂಡವಳು ನಾನೇ! ಆ ಹುಡುಗಿ ತವರಿಗೆ ವಾಪಸಾದರೂ ಸರಿ, ಅತ್ತಿಗೆಯ ಮಾನ ಉಳಿಸಲು ಹೊರಟಿದ್ದಳು.

ಚೀಲದಿಂದ ಡೈರಿ ತೆಗೆದು, ಮದುವೆ ದಿನದ ಪುಟ ಬಿಡಿಸಿ, ಜಯಮ್ಮನವರ ಮುಂದಿಟ್ಟೆ. ಅವರು ಬೆರಳಿಟ್ಟು ಗಟ್ಟಿಯಾಗಿ ಓದಿದರು.

"ಶುಕ್ರವಾರ. 10.14, ಗಟ್ಟಿಮೇಳ, ತಾಳಿ ಕಟ್ಟಿದರು. ಸಮಯ ಬರೆದುಕೊಳ್ಳುತ್ತಿದ್ದೆ, ಫೋಟೊ ತಪ್ಪಿತು. 10.47, ಪುರೋಹಿತರು ಕಾಫಿಗೆ ಎದ್ದರು. ಹರೀಶನ ಕೈಯನ್ನು ಮತ್ತೆ ಸೌಮ್ಯಳ ಕುತ್ತಿಗೆಯ ಹಿಂದೆ ಇಡಿಸಿ ಫೋಟೊ ತೆಗೆದೆ. ಯಾರಿಗೂ ಹೇಳಬಾರದು."

ಜಯಮ್ಮನವರು ತಲೆ ಎತ್ತಿ ನನ್ನನ್ನು ನೋಡಿದರು.

"ಅಂದ್ರೆ, ತಾಳಿ ಮುಹೂರ್ತದಲ್ಲೇ ಬಿದ್ದೈತೆ?"

"ಬಿದ್ದಿದೆ."

"ಈ ಫೋಟೊ ನಾಟ್ಕ?"

"ನಾಟಕ."

ಜಯಮ್ಮನವರು ನಕ್ಕರು. ಕನ್ನಡಕ ಜಾರಿ ಮಡಿಲಿಗೆ ಬೀಳುವವರೆಗೂ ನಕ್ಕರು. "ಅಲ್ಲ ಕಣವ್ವಾ, ಅಕ್ಷತೆ ಹಾಕೋ ಹೊತ್ನಲ್ಲಿ ಫೋಟೊ ತೆಗ್ಯದ್ ಬಿಟ್ಟು ಟೈಂ ಬರ್ಕಂತಾ ಕೂತಿದ್ಯಲ್ಲಾ! ಏ ಸೌಮ್ಯ, ಕಾಫಿ ಆರೋಯ್ತದೆ, ಕೊಡೇ ಎಲ್ರಿಗೂ. ನಿಮ್ಮತ್ತಿಗೆಗೆ ಎರಡ್ ಲೋಟ ಕೊಡು."

ಕಾಫಿ ಮುಗಿದ ಮೇಲೆ ತೀರ್ಪು ಹೊರಬಿತ್ತು. ನಾಟಕದ ಫೋಟೊ ಕಿತ್ತು, ಆ ಜಾಗದಲ್ಲಿ ಡೈರಿಯ ಹಾಳೆಯನ್ನೇ ಹಾಕತಕ್ಕದ್ದು. ಶಿಕ್ಷೆಯನ್ನು ಅಪರಾಧಿಯೇ ಜಾರಿಗೊಳಿಸಬೇಕಾಯಿತು. ಸ್ಕೇಲು ಇಟ್ಟು ಹಾಳೆ ಹರಿದೆ. ನಾಲ್ಕು ಮೂಲೆಗೂ ತ್ರಿಕೋನ ಸಿಕ್ಕಿಸಿದೆ. ಕೆಲಸ ಅಚ್ಚುಕಟ್ಟಾಗಿಯೇ ಬಂತು!

ಈಗ ಆ ಮನೆಗೆ ಬಂದವರೆಲ್ಲ ಆಲ್ಬಂ ನೋಡಲೇಬೇಕು. ನಡುವಿನ ಪುಟ ಬಂದಾಗ ಜಯಮ್ಮನವರು ಅಡುಗೆಮನೆಯಿಂದ ಎದ್ದು ಬಂದು, "ಯಾರಿಗೂ ಹೇಳಬಾರದು" ಎಂಬ ಸಾಲನ್ನು ಎಲ್ಲರಿಗೂ ಓದಿ ಹೇಳುತ್ತಾರಂತೆ. ಸೌಮ್ಯ ಫೋನ್ ಮಾಡಿ ವರದಿ ಒಪ್ಪಿಸುತ್ತಾಳೆ. ನಿನ್ನೆಯವರೆಗೆ ನಲವತ್ತಮೂರು ಜನ. ಲೆಕ್ಕ ಹೊಸ ಡೈರಿಯಲ್ಲಿದೆ.

ಸಮಯ ಮಾತ್ರ ಬರೆದಿಲ್ಲ.