ಬೇಡ ಅಂದರೆ ಬೇಡವೇ ಆಗುವ ಊರಿನಲ್ಲಿ

ನನಗೊಂದು ರೋಗವಿದೆ. ಬಿಪಿ, ಶುಗರ್ರಿನ ಮಾತಲ್ಲ. ಅವಾದರೆ ಮಾತ್ರೆ ನುಂಗಿ ಸುಮ್ಮನಿರಬಹುದು. ಯಾರಾದರೂ ತಿನ್ನಲು ಏನಾದರೂ ಮುಂದೆ ಹಿಡಿದರೆ ಮೊದಲು ‘ಬೇಡ’ ಅನ್ನುವುದೇ ನನ್ನ ರೋಗ. ಹಸಿದು ಕಣ್ಣಿಗೆ ಕತ್ತಲೆ ಬರುತ್ತಿದ್ದರೂ ಸರಿಯೆ, “ಅಯ್ಯೋ, ಈಗ ತಾನೆ ಉಂಡ್ಕಂಡ್ ಬಂದೆ ಕಣ್ರೀ” ಎಂದು ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಡುತ್ತದೆ. ನೀವು ನಗಬೇಡಿ. ಚಳ್ಳಕೆರೆ ಕಡೆ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಇದು ತಾಯಿಹಾಲಿನ ಜೊತೆಗೇ ಬಂದದ್ದು. ಕೇಳಿದ ತಕ್ಷಣ ‘ಹಾಕಿ’ ಅಂದವಳು ಹೊಟ್ಟೆಬಾಕಿ, ಎರಡನೆಯ ಸಲಕ್ಕೆ ಅಂದವಳು ಆತುರಗಾರ್ತಿ. ಮೂರನೆಯ ಸಲ, ಅದೂ ಬಡಿಸುವವರು ಮುಖ ಸಣ್ಣ ಮಾಡಿಕೊಂಡ ಮೇಲೆ, ‘ನಿಮ್ಮ ಸಮಾಧಾನಕ್ಕೆ ಒಂಚೂರು’ ಅಂದವಳು ಮಾತ್ರ ಮರ್ಯಾದಸ್ಥರ ಮಗಳು.

ಮೊಳಕಾಲ್ಮುರಿನಲ್ಲಿ ನನ್ನ ಅಕ್ಕ ಇದ್ದಾಳೆ. ದೇವಸಮುದ್ರದ ನಮ್ಮ ತವರಿನಿಂದ ರೇಷ್ಮೆ ಮಗ್ಗದ ಮನೆಗೆ ಸೊಸೆಯಾಗಿ ಹೋದವಳು. ಬಲವಂತ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಆ ತಾಲ್ಲೂಕಿನಲ್ಲಿಲ್ಲ. ಮೊದಲು ಕನ್ನಡದಲ್ಲಿ, “ಇನ್ನೊಂದ್ ಮುದ್ದೆ ಹಾಕ್ಕಳೇ” ಅನ್ನುತ್ತಾಳೆ. ನಾನು ಬೇಡವೆಂದರೆ ತೆಲುಗಿಗೆ ಹೊರಳಿ, “ಇಂಕೊಂಚೆಂ ವೇಸ್ಕೋವೇ” ಎಂದು ಅದನ್ನೇ ಇನ್ನಷ್ಟು ಮೆತ್ತಗೆ ಕೇಳುತ್ತಾಳೆ. ಎರಡು ಭಾಷೆಗೂ ಬಗ್ಗದಿದ್ದರೆ ಕೊನೆಯ ಅಸ್ತ್ರ: “ಅವ್ವ ಇದ್ದು ಬಡಿಸಿದ್ರೆ ಉಣ್ತಿದ್ದೆ. ನನ್ ಕೈಯಾಗಿಂದು ನಿಂಗ್ಯಾಕೆ ರುಚಿ ಆದಾತು?” ಅಲ್ಲಿಗೆ ನಾನು ಸೋತು ತಟ್ಟೆ ಮುಂದಿಡುತ್ತೇನೆ. ಆ ಮುದ್ದೆಗೆಂದು ಹೊಟ್ಟೆಯಲ್ಲಿ ಮೊದಲೇ ಜಾಗ ಬಿಟ್ಟುಕೊಂಡಿರುತ್ತೇನೆ ಅನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಅದನ್ನು ಎಂದೂ ಬಾಯಿಬಿಟ್ಟು ಹೇಳಿಲ್ಲ.

ಇಂಥ ನಾನು ಹೋದ ಬೇಸಿಗೆಯಲ್ಲಿ ಸುವಾರ್ತೆ ಸೇವೆಗೆಂದು ಇಂಗ್ಲೆಂಡಿಗೆ ಹೋದೆ. ಅಲ್ಲಿನ ಉತ್ತರದ ಕಡೆಯ ಒಂದು ಸಣ್ಣ ಊರಿನ ಚರ್ಚಿನ ಸಭೆಯವರು ನಮ್ಮ ಕಡೆಯ ಸಭೆಗಳಿಂದ ಒಂದಷ್ಟು ಜನರನ್ನು ಕರೆಸಿಕೊಂಡಿದ್ದರು. ಬೆಳಿಗ್ಗೆ ಮಕ್ಕಳ ರಜಾ ಶಿಬಿರದಲ್ಲಿ ಹಾಡು, ಆಟ; ಮಧ್ಯಾಹ್ನ ವಯಸ್ಸಾದವರ ಮನೆಗಳಿಗೆ ಹೋಗಿ ಮಾತಾಡಿಸಿ ಪ್ರಾರ್ಥನೆ ಮಾಡಿ ಬರುವುದು. ನಮ್ಮ ಸಭೆಯ ಯುವಕೂಟದಿಂದ ಕಾಲೇಜಿಗೆ ಹೋಗುವ ನನ್ನ ಮಗಳು ಶೀಲಾ ಆಯ್ಕೆಯಾದಳು. ಹುಡುಗಿಯನ್ನು ಒಬ್ಬಳನ್ನೇ ಅಷ್ಟು ದೂರ ಹೇಗೆ ಕಳಿಸುವುದೆಂದು ನಮ್ಮ ಪಾದ್ರಿಗಳು, ಅಂದರೆ ನಾವೆಲ್ಲ ಅಯ್ನೋರು ಅನ್ನುವವರು, ನನ್ನನ್ನೂ ಜೊತೆ ಮಾಡಿದರು. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆಗಿರುವ ನಮ್ಮ ಮನೆಯವರಿಗೆ ಮಾತ್ರ ಇದು ತಲೆಗೆ ಹೋಗಲಿಲ್ಲ. “ಅವ್ರ ತಾತ ಮುತ್ತಾತ್ನೋರು ಗಾಡಿ ಕಟ್ಕಂಡು ಬಂದು ನಮಗೆ ಹೇಳ್ಕೊಟ್ರು. ಈಗ ನೀನು ಹೋಗಿ ಅವ್ರಿಗೆ ಏನ್ ಹೇಳ್ಕೊಡ್ತೀಯೆ?” ಎಂದರು. “ರವಿಕೆ ಹೊಲಿಯೋದು ಹೇಳ್ಕೊಡ್ತೀನಿ, ಬಿಡ್ರಿ” ಎಂದೆ. ಮನೆಯಲ್ಲಿ ಹೊಲಿಗೆ ಮಿಷನ್ ತುಳಿಯುವವಳು ನಾನು. ನನಗೂ ಅದಕ್ಕಿಂತ ಹೆಚ್ಚಿನದೇನೂ ಹೊಳೆದಿರಲಿಲ್ಲ.

ಆದರೆ ಒಳಗೊಳಗೆ ಒಂದು ಅಳುಕಿತ್ತು. ನಮ್ಮ ಸಭೆಯಲ್ಲಿ ಯಾರೇ ಎಲ್ಲಿಗೆ ಹೋಗಿ ಬಂದರೂ ಮರುಭಾನುವಾರ ಎದ್ದು ನಿಂತು, ದೇವರು ಅಲ್ಲಿ ತಮ್ಮಿಂದ ಏನು ಮಾಡಿಸಿದನೆಂದು ಸಾಕ್ಷಿ ಹೇಳಬೇಕು. ನಮ್ಮ ಹಿಂದಿನ ಬೀದಿಯ ಸರೋಜಮ್ಮ ಒಮ್ಮೆ ಬಳ್ಳಾರಿಯ ಕೂಟಕ್ಕೆ ಹೋಗಿ ಬಂದು ಹೇಳಿದ ಸಾಕ್ಷಿ ಎಷ್ಟು ಉದ್ದವಿತ್ತೆಂದರೆ ಗಂಡಸರೆಲ್ಲ ಒಬ್ಬೊಬ್ಬರಾಗಿ ಬೈಕು ನೋಡಿಕೊಂಡು ಬರುತ್ತೇವೆಂದು ಆಚೆ ಹೋಗಿಬಿಟ್ಟಿದ್ದರು. ಬಳ್ಳಾರಿಗೇ ಅಷ್ಟಾದರೆ ಇಂಗ್ಲೆಂಡಿಗೆ ಎಷ್ಟಾಗಬೇಡ? ಬರಿಗೈಯಲ್ಲಿ ವಾಪಸು ಬರುವಂತಿರಲಿಲ್ಲ.

ನಮ್ಮಿಬ್ಬರನ್ನು ಇಳಿಸಿದ್ದು ಮಾರ್ಗರೆಟ್ ಎಂಬ ಹಿರಿಯರ ಮನೆಯಲ್ಲಿ. ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳದು. ಮೊದಲ ದಿನವೇ ಮಾರ್ಗರೆಟ್ಟಮ್ಮ ಅಂದೆ. ತೆಳ್ಳಗೆ, ಎತ್ತರಕ್ಕೆ, ಬಿಳಿ ಕೂದಲಿನ, ಬಹಳ ಅಚ್ಚುಕಟ್ಟಿನ ಹೆಂಗಸು. ಗಂಡ ತೀರಿಕೊಂಡಿದ್ದರು. ಅವರಿದ್ದಾಗ ಸಭೆಗೆ ಬಂದ ಅತಿಥಿಗಳಿಗೆಲ್ಲ ಆ ಮನೆಯಲ್ಲೇ ಬಿಡಾರವಂತೆ. ಆ ಪದ್ಧತಿಯನ್ನು ಮಾರ್ಗರೆಟ್ಟಮ್ಮ ಬಿಟ್ಟಿರಲಿಲ್ಲ. ಬಿಟ್ಟದ್ದು ಚರ್ಚನ್ನು. ನಮ್ಮನ್ನು ಕಾರಿನಲ್ಲಿ ಚರ್ಚಿನ ಬಾಗಿಲಿಗೆ ತಂದು ಇಳಿಸಿ ಹಾಗೇ ಹಿಂದಿರುಗುತ್ತಿದ್ದರು. ಅಲ್ಲಿಯ ಪಾದ್ರಿ ಶೀಲಾಳನ್ನು ಪಕ್ಕಕ್ಕೆ ಕರೆದು, ಸಾಧ್ಯವಾದರೆ ಅವರನ್ನು ಒಳಗೆ ಕರೆತನ್ನಿ, ನಾವು ಕರೆದು ಕರೆದು ಸಾಕಾಯಿತು ಎಂದರಂತೆ. ನನಗೆ ಬರುವ ಇಂಗ್ಲಿಷು ಅಂಗೈ ಅಗಲ. ಕರೆತರುವುದು ಹೇಗೆ?

ಅದಕ್ಕೂ ಮೊದಲು ನಾನು ಬದುಕಿ ಉಳಿಯುವುದು ಹೇಗೆ ಎಂಬ ಪ್ರಶ್ನೆಯೇ ಎದ್ದಿತು. ಮೊದಲ ಸಂಜೆ ಮಾರ್ಗರೆಟ್ಟಮ್ಮ ಬೇಯಿಸಿದ ಆಲೂಗಡ್ಡೆ, ಬಟಾಣಿ, ಒಂದು ತುಂಡು ಮೀನು ಬಡಿಸಿದರು. ವಿಮಾನದಲ್ಲಿ ಏನೂ ಸೇರದೆ ಬಂದವಳಿಗೆ ಅದು ಎಲ್ಲಿಗೆ ಸಾಕು? ಇನ್ನೊಂದು ತುಂಡು ಹಿಡಿದು, ಬೇಕಾ ಎಂದು ನಗುತ್ತಾ ಕೇಳಿದರು. “ನೋ ನೋ, ಥ್ಯಾಂಕ್ಯೂ” ಎಂದು ನಾನೂ ನಕ್ಕು, ಎರಡನೆಯ ಸಲ ಕೇಳುವುದನ್ನು ಕಾಯುತ್ತಾ ಕುಳಿತೆ. ಅವರು ಆ ಮೀನನ್ನು ಮುಚ್ಚಿ ಎತ್ತಿಕೊಂಡು ಹೋಗಿ ಫ್ರಿಜ್ಜಿನಲ್ಲಿಟ್ಟರು. ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಪಕ್ಕದಲ್ಲಿ ನನ್ನ ಮಗಳು ಮೊದಲ ಸಲಕ್ಕೇ ‘ಯೆಸ್ ಪ್ಲೀಸ್’ ಎಂದು ತಟ್ಟೆ ನೀಡಿ ಹಾಕಿಸಿಕೊಂಡಿದ್ದಳು. ಹೆತ್ತ ತಾಯಿಯ ಎದುರಿಗೇ.

ಕೋಣೆ ಸೇರಿದ ಮೇಲೆ ಅವಳನ್ನು ತರಾಟೆಗೆ ತೆಗೆದುಕೊಂಡೆ. “ಏನೇ ಅದು, ಬರಗೆಟ್ಟೋರಂಗೆ?”

“ಅವ್ವ, ಇಲ್ಲಿ ಒಂದೇ ಸರ್ತಿ ಕೇಳೋದು. ಬೇಕಿದ್ರೆ ಹೂಂ ಅನ್ನು, ಬ್ಯಾಡ ಅಂದ್ರೆ ಬ್ಯಾಡ ಅಂತಾನೇ ಅರ್ಥ.”

“ಹಂಗೆಲ್ಲ ಮೊದಲ್ನೇ ಸರ್ತಿಗೇ ಹೆಂಗ್ ಹೂಂ ಅನ್ನಾಕಾಗ್ತೈತೆ? ನಾಚಿಕೆ ಆಗಲ್ವಾ?”

“ಹಂಗಾರೆ ಹಸ್ಕಂಡಿರು” ಎಂದು ಅವಳು ಮುಸುಕೆಳೆದುಕೊಂಡಳು.

ಮನೆಯಿಂದ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಪೆಟ್ಟಿಗೆಯಲ್ಲಿದ್ದವು. ಆದರೆ ಖಡಕ್ ರೊಟ್ಟಿಯನ್ನು ಕದ್ದು ತಿನ್ನಲಾಗದು, ಮುರಿದರೆ ಮನೆಯೆಲ್ಲಾ ಕೇಳುತ್ತದೆ. ಲೋಟದ ನೀರಿನಲ್ಲಿ ಅದ್ದಿ ಅದ್ದಿ ತಿಂದೆ. ಆ ದೇಶದಲ್ಲಿ ಬೇಸಿಗೆಯ ಸೂರ್ಯನಿಗೆ ಮುಳುಗುವ ಯೋಚನೆಯೇ ಇರುವುದಿಲ್ಲ; ಊಟವಾಗಿ ಎಷ್ಟು ಹೊತ್ತಾದರೂ ಕಿಟಕಿಯಾಚೆ ಫಳಫಳ ಬಿಸಿಲು. ಆ ಬಿಸಿಲಿನಲ್ಲಿ ಕುರಿಗಳು ಮೇಯುತ್ತಿದ್ದವು. ನಮ್ಮ ದೇವಸಮುದ್ರದ ಕುರಿಗಳ ಎರಡರಷ್ಟು ದಪ್ಪ. ಅವಕ್ಕೆ ಯಾರೂ ಬೇಕಾ ಎಂದು ಕೇಳುತ್ತಿರಲಿಲ್ಲ, ಅವೂ ಬೇಡ ಅನ್ನುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಕುರಿಗಳ ಮೇಲೆ ಹೊಟ್ಟೆಕಿಚ್ಚಾಯಿತು.

ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ಯೆಸ್ ಪ್ಲೀಸ್’ ಎಂದು ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಕೆಳಗಿಳಿದೆ. ಮಾರ್ಗರೆಟ್ಟಮ್ಮ ಬೆಣ್ಣೆ ಸವರಿದ ಬಿಸಿ ಬ್ರೆಡ್ಡು ಹಿಡಿದು ಬಂದರು. “ನೋ, ಥ್ಯಾಂಕ್ಯೂ” ಎಂದೆ. ಮಧ್ಯಾಹ್ನ ಹೋದ ಮನೆಗಳಲ್ಲೂ ಅದೇ ಕತೆ. ಟೀ ಬೇಕಾ? ನೋ. ಬಿಸ್ಕತ್ತು? ನೋ ನೋ. ಎಲ್ಲರೂ ನನ್ನ ಮಾತಿಗೆ ಎಷ್ಟು ಬೆಲೆ ಕೊಟ್ಟರೆಂದರೆ, ನನ್ನ ಜನ್ಮದಲ್ಲಿ ಯಾರೂ ಅಷ್ಟು ಕೊಟ್ಟಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಸೀರೆಯ ನೆರಿಗೆ ಒಂದು ಹೆಚ್ಚಿಗೆ ಹಿಡಿಯಬೇಕಾಯಿತು. ರೊಟ್ಟಿಯ ಡಬ್ಬಿ ತಳ ಕಂಡಿತು. ಸಾಕ್ಷಿ ಹೇಳಲು ನನ್ನಲ್ಲಿದ್ದದ್ದು ಬರಿಯ ಉಪವಾಸ, ಅದೂ ಭಕ್ತಿಯಿಂದ ಮಾಡಿದ್ದಲ್ಲ.

ಶನಿವಾರ, ಇವತ್ತು ನಾನು ಅಡುಗೆ ಮಾಡುತ್ತೇನೆ ಎಂದು ಶೀಲಾಳಿಂದ ಹೇಳಿಸಿದೆ. ಸೇವೆಯ ಹೆಸರಿನಲ್ಲಿ ಹೇಳಿಸಿದರೂ ಉದ್ದೇಶ ಹೊಟ್ಟೆಯದು. ಊರಿಂದ ತಂದಿದ್ದ ಶೇಂಗಾ, ಬೆಲ್ಲ ಕುಟ್ಟಿ ಹೋಳಿಗೆ ಮಾಡಿದೆ. ಹೋಳಿಗೆಯ ಘಮಕ್ಕೆ ಮಾರ್ಗರೆಟ್ಟಮ್ಮ ಅಡುಗೆಮನೆಗೆ ಎರಡು ಸಲ ಬಂದು ಇಣುಕಿ ಹೋದರು. ಕೂತರು, ಒಂದು ತಿಂದರು, ಕಣ್ಣು ಅರಳಿತು. ನಾನು ಇನ್ನೊಂದು ಹಿಡಿದೆ. “ನೋ, ಥ್ಯಾಂಕ್ಯೂ” ಎಂದರು. ನನ್ನ ಕೈ ಎಂದಾದರೂ ಅಂಥ ಮಾತು ಕೇಳಿದ್ದುಂಟೆ? ತಟ್ಟೆಗೆ ಹಾಕಿದೆ. ಅವರು ಗಾಬರಿಯಿಂದ ತಟ್ಟೆ ನೋಡಿದರು, ನನ್ನನ್ನು ನೋಡಿದರು. ಅಲ್ಲಿಯವರು ತಟ್ಟೆಯಲ್ಲಿ ಬಿಡುವವರಲ್ಲ, ತಿಂದರು. ನಾನು ಮೂರನೆಯದು ತಂದೆ. “ಅವ್ವ! ಬ್ಯಾಡ ಅಂತ ಹೇಳ್ತಾ ಅವ್ರೆ!” ಎಂದು ಶೀಲಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. “ನೀನ್ ಸುಮ್ನಿರೇ, ಹಂಗೇ ಅನ್ನೋದು” ಎಂದು ಅದನ್ನೂ ಹಾಕಿದೆ. ಅದೂ ಹೋಯಿತು. ನಾಲ್ಕನೆಯದನ್ನು ತಂದಾಗ ಮಾರ್ಗರೆಟ್ಟಮ್ಮ ಎರಡೂ ಕೈಯನ್ನು ತಟ್ಟೆಯ ಮೇಲೆ ಅಡ್ಡ ಇಟ್ಟರು. ಅಯ್ಯೋ ದೇವರೆ, ಥೇಟ್ ನಮ್ಮ ಅಕ್ಕನ ಮನೆಯ ಪಂಕ್ತಿ! ನನಗೆ ಆನಂದ ತಡೆಯಲಾಗಲಿಲ್ಲ. ಹೋಳಿಗೆಯನ್ನು ಆ ಕೈಗಳ ಮೇಲೇ ಇಟ್ಟು, “ತಿನ್ನವ್ವ, ಏನೂ ಆಗಲ್ಲ, ಶೇಂಗಾದ್ದು” ಎಂದೆ.

ಅವರು ಕೈಮೇಲಿನ ಹೋಳಿಗೆಯನ್ನು ನೋಡಿ ನಗತೊಡಗಿದರು. ಅಷ್ಟು ಅಚ್ಚುಕಟ್ಟಿನ ಹೆಂಗಸು ಕುರ್ಚಿಗೆ ಒರಗಿ ಮಗುವಿನಂತೆ ನಕ್ಕರು. ನಗುತ್ತಾ ನಗುತ್ತಾ ಕಣ್ಣೀರು ಬಂತು. ಆಮೇಲೆ ನಗು ನಿಂತಿತು, ಕಣ್ಣೀರು ನಿಲ್ಲಲಿಲ್ಲ. ಮೆಲ್ಲಗೆ ಏನೋ ಹೇಳಿದರು. ಶೀಲಾ ನನ್ನ ಕಡೆ ತಿರುಗಿ, “ಅವ್ರ ಯಜಮಾನ್ರು ಹೋದ್ಮ್ಯಾಗೆ ಈ ಮೇಜಿನ್ಮುಂದೆ ಕೂರಿಸಿ ‘ಇನ್ನೊಂದು ತಿನ್ನು’ ಅಂದೋರು ಯಾರೂ ಇಲ್ವಂತವ್ವ” ಎಂದಳು. ನಾನು ಎದ್ದು ಹೋಗಿ ಅವರ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ನಿಂತೆ. ಸೆರಗಿಗೆಲ್ಲ ತುಪ್ಪವಾಯಿತು, ಆಗಲಿ ಬಿಡಿ.

ಆ ಸಮಯ ನೋಡಿಕೊಂಡು ನನ್ನ ಮಗಳು ನನ್ನ ಮಾನ ಹರಾಜು ಹಾಕಿದಳು. ನಮ್ಮ ಕಡೆಯ ಪದ್ಧತಿಯನ್ನೆಲ್ಲ ವಿವರಿಸಿ, ನಮ್ಮ ಅವ್ವ ಬಂದಾಗಿನಿಂದ ಅರೆಹೊಟ್ಟೆಯಲ್ಲಿದ್ದಾಳೆ ಎಂದುಬಿಟ್ಟಳು. ಮಾರ್ಗರೆಟ್ಟಮ್ಮ ಎದೆಗೆ ಕೈಯಿಟ್ಟುಕೊಂಡರು. “ಆದರೆ ಅವಳು ಬೇಡ ಅಂದಳಲ್ಲ!” ಎಂದು ಮತ್ತೆ ಮತ್ತೆ ಹೇಳಿದರು. ಎದ್ದು ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ತಂದು ನನ್ನ ಮುಂದೆ ಸುರಿದರು. ಅವತ್ತಿನಿಂದ ಆ ಮನೆಯಲ್ಲಿ ನನಗೆ ಹಬ್ಬ. ಅವರು ತಟ್ಟೆ ಹಿಡಿದು ಬರುವುದು, ನಾನು ನೋ ಅನ್ನುವುದು, ಅವರು ಬೆರಳು ಮಡಚುವುದು. ಮೂರಾದ ಕೂಡಲೇ ‘ತಿನ್ನವ್ವ!’ ಎಂದು ಗೆದ್ದವರ ಹಾಗೆ ಬಡಿಸುವುದು. ಆ ಒಂದು ಕನ್ನಡದ ಮಾತನ್ನು ಅವರು ಎಷ್ಟು ಗಟ್ಟಿಯಾಗಿ ಅನ್ನುತ್ತಿದ್ದರೆಂದರೆ ಆಚೆ ಕುರಿಗಳು ತಲೆಯೆತ್ತುತ್ತಿದ್ದವು.

ಭಾನುವಾರ ಚರ್ಚಿನ ಬಾಗಿಲಲ್ಲಿ ಕಾರು ನಿಂತಾಗ ನಾನು ಇಳಿದು ಅವರ ಕಡೆಯ ಬಾಗಿಲು ತೆಗೆದೆ. ಅಕ್ಕ ಕೊಟ್ಟಿದ್ದ ಮೊಳಕಾಲ್ಮುರು ಸೀರೆ ಉಟ್ಟಿದ್ದೆ. ಆ ಸೀರೆ ಉಟ್ಟರೆ ನನಗೆ ಅಕ್ಕನ ಧೈರ್ಯವೂ ಬರುತ್ತದೆ. “ಬಾರವ್ವ” ಎಂದೆ. ನೋ, ಥ್ಯಾಂಕ್ಯೂ. “ಸುಮ್ನೆ ಕೂತ್ಕಂಡು ಬರೋವಂತೆ, ಬಾ.” ನೋ. ಮೂರನೆಯ ಸಲಕ್ಕೆ ಕೈ ಚಾಚಿ ನಿಂತೆ. ಅವರು ಚರ್ಚಿನ ಬಾಗಿಲಿನ ಕಡೆ ನೋಡಿದರು. ಆಮೇಲೆ ನಕ್ಕು, ಕಾರಿನ ಕೀಲಿ ತಿರುಗಿಸಿ, ನನ್ನ ಕೈ ಹಿಡಿದು ಇಳಿದರು. ಒಳಗೆ ಗಂಡ ಕೂರುತ್ತಿದ್ದ ಜಾಗ ತೋರಿಸಿದರು. ಅಲ್ಲೇ ಕೂತೆವು. ಹಾಡು ನನಗೆ ತಿಳಿಯದಿದ್ದರೂ ಗಟ್ಟಿಯಾಗಿ ಹಾಡಿದೆ.

ಚಳ್ಳಕೆರೆಗೆ ಬಂದ ಮೇಲೆ ನಾನು ಸಾಕ್ಷಿ ಹೇಳಿದ್ದನ್ನು ನೀವು ಕೇಳಬೇಕಿತ್ತು. ಒಬ್ಬ ಗಂಡಸೂ ಬೈಕು ನೋಡಲು ಎದ್ದು ಹೋಗಲಿಲ್ಲ. ಉಪವಾಸದ ಕತೆಗೆ ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು, ಮಾರ್ಗರೆಟ್ಟಮ್ಮನ ಕತೆಗೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಅಲ್ಲಿ ಮಾತ್ರ ಕೇಳಿದ್ ಕೂಡ್ಲೆ ಹೂಂ ಅನ್ರವ್ವ, ಎರಡನೇ ಸರ್ತಿ ಯಾರೂ ಕೇಳಾಕಿಲ್ಲ” ಎಂದು ಬುದ್ಧಿಯನ್ನೂ ಹೇಳಿ ಕೂತೆ. ಅಯ್ನೋರು ಎದ್ದು ಬಹಳ ಸಂತೋಷಪಟ್ಟು, ಬರುವ ಬೇಸಿಗೆಗೂ ನಮ್ಮ ಸಭೆಯಿಂದ ಒಬ್ಬರನ್ನು ಕಳಿಸಲು ಅಲ್ಲಿಂದ ಕೇಳಿದ್ದಾರೆ ಎಂದರು. ನನ್ನ ಕಡೆ ತಿರುಗಿ, “ಸುಗುಣಮ್ಮ, ಮತ್ತೆ ಹೋಗ್ತೀರಾ?” ಎಂದರು. ನನ್ನ ಎದೆ ಕುಣಿಯಿತು. ಹೋಗುವುದಕ್ಕೆ ಆಸೆಯೋ ಆಸೆ. ಮಾರ್ಗರೆಟ್ಟಮ್ಮ ಬೇರೆ ಬೀಳ್ಕೊಡುವಾಗ ಮತ್ತೆ ಬಾ ಎಂದು ಮೂರು ಸಲ ಹೇಳಿದ್ದರು.

“ಅಯ್ಯೋ, ನಂಗ್ಯಾಕ್ ಬಿಡ್ರಿ ಅಯ್ನೋರೆ” ಎಂದಿತು ಬಾಯಿ. “ಬ್ಯಾಡ, ಬ್ಯಾರೆಯೋರು ಯಾರಾನ ಹೋಗ್ಲಿ.”

ತಲೆ ತಗ್ಗಿಸಿ ಎರಡನೆಯ ಸಲ ಕೇಳುವುದನ್ನು ಕಾದೆ. ಅಯ್ನೋರು ಈಗ ತಾನೆ ನನ್ನ ಸಾಕ್ಷಿಯನ್ನು ಮೈಯೆಲ್ಲಾ ಕಿವಿಯಾಗಿ ಕೇಳಿದ್ದರು. “ಸರಿ ಬಿಡ್ರಮ್ಮ. ಬ್ಯಾಡ ಅಂದ್ಮ್ಯಾಗೆ ಬಲವಂತ ಮಾಡಬಾರ್ದು” ಎಂದು ಹೆಂಗಸರ ಸಾಲಿನ ಕಡೆ ನೋಡಿದರು. “ಸರೋಜಮ್ಮ, ನೀವು?”

“ಹೂಂ ಅಯ್ನೋರೆ, ಹೋಗ್ತೀನಿ” ಎಂದಳು ಸರೋಜಮ್ಮ. ಮೊದಲನೇ ಸಲಕ್ಕೇ! ನನ್ನ ಸಾಕ್ಷಿ ನನ್ನ ಕಣ್ಣೆದುರಿಗೇ ಫಲ ಕೊಟ್ಟಿತ್ತು. ಶೀಲಾ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಆ ಸಂಜೆಯೇ ಸರೋಜಮ್ಮ ನಮ್ಮ ಮನೆಗೆ ಬಂದಳು. ಅಲ್ಲಿ ಚಳಿ ಹೇಗೆ, ಸೀರೆ ಎಷ್ಟು ತಗೊಳ್ಳಲಿ, ಮಾರ್ಗರೆಟ್ಟಮ್ಮನಿಗೆ ಏನು ಇಷ್ಟ ಎಂದೆಲ್ಲ ಕೇಳಲು. ನನಗೆ ಒಳಗೆ ಉರಿಯುತ್ತಿದ್ದರೂ ನಗುನಗುತ್ತಲೇ ಚಾಪೆ ಹಾಕಿ, “ಕಾಫಿ ಕುಡೀತೀಯಾ?” ಎಂದೆ.

“ಅಯ್ಯೋ, ಬ್ಯಾಡಕ್ಕ, ಈಗ ಕುಡ್ಕಂಡ್ ಬಂದೆ” ಎಂದಳು.

ಸಿಕ್ಕಿಬಿದ್ದಳು! ಒಳ್ಳೆಯದು ಎಂದು ಕೈಕಟ್ಟಿ ಕೂತೆ. ಇಂಗ್ಲೆಂಡಿಗೆ ಹೋಗುವವಳು, ಈಗಿನಿಂದಲೇ ಅಭ್ಯಾಸವಾಗಲಿ. ಅವಳು ಒಮ್ಮೆ ಅಡುಗೆಮನೆಯ ಕಡೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು, ತುಟಿ ಸವರಿಕೊಂಡಳು. ನಾನು ಗೋಡೆ ನೋಡಿದೆ. ಬಹಳ ಗಟ್ಟಿ ಮನಸ್ಸು ಮಾಡಿ ಕೂತಿದ್ದೆ, ದೇವರಾಣೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಎದ್ದು ಹೋಗಿ ಹಾಲಿಟ್ಟೆ.