ಹಲ್ಲು ನೋಡಿ ಕೊಂಡ ಕಂಪ್ಯೂಟರ್

ನನ್ನ ಷಡ್ಡಕನಿಗೆ ತಲೆ ಕೆಟ್ಟಿದೆ ಎಂದು ಲಕ್ಷ್ಮೇಶ್ವರದಲ್ಲಿ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಲೆ ಕೆಟ್ಟವರು ಒಂದು ಹಳೆಯ ಕಂಪ್ಯೂಟರ್ ಕೊಳ್ಳಲು ಗದಗ, ಶಿರಹಟ್ಟಿ, ಮುಂಡರಗಿ ಸುತ್ತಿ, ಹನ್ನೊಂದು ಯಂತ್ರಗಳನ್ನು ಮೂಸಿ ನೋಡಿ, ಹತ್ತನ್ನು ಬೇಡವೆಂದು ಬಿಟ್ಟು ಬರುವುದಿಲ್ಲ. ಮೂಸಿ ಎಂದರೆ ನಿಜವಾಗಿಯೂ ಮೂಗಿನಿಂದ ಮೂಸಿ! ಫ್ಯಾನಿನ ಕಿಂಡಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, "ಇದು ಬಿಸಲಾಗ ಭಾಳ ದುಡದೈತಿ" ಎಂದು ತೀರ್ಪು ಕೊಡುವ ಇನ್ನೊಬ್ಬ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದರೆ ತಿಳಿಸಿ. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಚಹಾ ಕುಡಿಸುವ ಖರ್ಚು ನನ್ನದು.

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಎದುರಿಗೆ "ಅಣ್ಣಾ, ಬರ್ರಿ, ಕುಂಡ್ರಿ" ಎಂದೇ ಮಾತಾಡುತ್ತೇನೆ. ಬರೆಯುವಾಗ ಮಾತ್ರ ಸ್ವಲ್ಪ ಸಲುಗೆ ತೆಗೆದುಕೊಂಡಿದ್ದೇನೆ. ಅವನ ತಂದೆ ಮುಂಡರಗಿಯ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದರು. ಮಗನಿಗೆ ಮಗ್ಗಿಗಿಂತ ಮೊದಲು ಎತ್ತಿನ ಹಲ್ಲು ಎಣಿಸಲು ಕಲಿಸಿದರು. ಮಗ ದೊಡ್ಡವನಾಗಿ ಎತ್ತಿನ ಸಹವಾಸ ಬಿಟ್ಟು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೋ ಗೇಮಿನ ಅಂಗಡಿ ಹಾಕಿದ. ನಾಲ್ಕು ಟಿವಿ, ನಾಲ್ಕು ಯಂತ್ರ, ಒಂದು ಉದ್ದ ಬೆಂಚು. ಇದು ಮೂವತ್ತು ವರ್ಷದ ಹಿಂದಿನ ಮಾತು. ಆಮೇಲೆ ಎಲ್ಲರ ಕಿಸೆಗೂ ಮೊಬೈಲ್ ಬಂತು, ಬೆಂಚು ಖಾಲಿಯಾಯಿತು, ಅಂಗಡಿ ಮುಚ್ಚಿತು.

ಆ ಅಂಗಡಿಯಲ್ಲಿ ಯಾರೂ ಸೋಲಿಸಲಾಗದ ಆಟಗಾರ ಯಾರು ಗೊತ್ತೆ? ಕಾಲೇಜಿನ ಹುಡುಗರಲ್ಲ, ನಮ್ಮ ಅಕ್ಕ! ಅಂದರೆ ಷಡ್ಡಕನ ಹೆಂಡತಿ. ಅವಳಿಗೆ ಇಷ್ಟವಾದದ್ದು ಇಟ್ಟಿಗೆ ಆಟ. ಮೇಲಿನಿಂದ ನಾನಾ ಆಕಾರದ ಇಟ್ಟಿಗೆಗಳು ಬೀಳುತ್ತಿರುತ್ತವೆ. ಎಡಗೈ ಹೆಬ್ಬೆರಳಿನಿಂದ ಅತ್ತಿತ್ತ ಸರಿಸಬೇಕು, ಬಲಗೈಯಿಂದ ತಿರುಗಿಸಬೇಕು. ಸಾಲು ತುಂಬಿದರೆ ಮಾಯವಾಗುತ್ತದೆ. ಗುಡ್ಡೆ ಮೇಲಕ್ಕೆ ಮುಟ್ಟಿದರೆ ಕಥೆ ಮುಗಿಯಿತು. ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದ ಅಕ್ಕ ಒಮ್ಮೆ ಆ ಆಟಕ್ಕೆ ಕೂತಳೆಂದರೆ ಷಡ್ಡಕ ಅನ್ನ ತಾನೇ ಬಡಿಸಿಕೊಂಡು, ತಟ್ಟೆ ತಾನೇ ತೊಳೆದುಕೊಳ್ಳುತ್ತಿದ್ದ.

ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಬಂತು, ನಡಿಗೆ ಬಂತು, ಎಡಗೈ ಮಾತ್ರ ಬರಲಿಲ್ಲ. "ಬೆರಳುಗಳಿಗೆ ಈಗಲೇ ಕೆಲಸ ಕೊಡ್ರಿ. ಸುಮ್ಮನೆ ಬಿಟ್ಟರೆ ಕೈ ತನ್ನ ಕೆಲಸ ಮರೆತುಬಿಡುತ್ತದೆ" ಎಂದು ವೈದ್ಯರು ಒಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದರು. ದಿನಕ್ಕೆ ಇನ್ನೂರು ಸಲ ಹಿಚುಕಬೇಕಂತೆ. ಅಕ್ಕ ಎರಡು ದಿನ ನೋಡಿದಳು. ಮೂರನೆಯ ದಿನ ಬಲಗೈಯಿಂದ ಎತ್ತಿ ಅಂಗಳಕ್ಕೆ ಒಗೆದಳು.

"ಹಿಚುಗ, ಹಿಚುಗ ಅಂದ್ರ ನಾ ಏನ್ ಲಿಂಬಿಹಣ್ಣಿನ ಪಾನಕ ಮಾಡಾಕ ಕುಂತೇನಿ? ಹೋದ ಕೈ ಹೋತು. ಬಿಡ್ರಿ ಅದನ್ನ."

ಷಡ್ಡಕ ಅಟ್ಟ ಹತ್ತಿದ. ಅಂಗಡಿಯ ಹಳೆಯ ಯಂತ್ರಗಳ ಹೊಟ್ಟೆಯಲ್ಲಿ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ಇಟ್ಟಿಗೆ ಆಟದ ಕ್ಯಾಸೆಟ್ ಮಾತ್ರ ಟ್ರಂಕಿನಲ್ಲಿ ನೆಟ್ಟಗಿತ್ತು. ಅದರೊಳಗಿನ ಆಟವನ್ನು ಕಂಪ್ಯೂಟರಿಗೆ ಇಳಿಸುವ ಸಣ್ಣ ಡಬ್ಬಿಯೊಂದನ್ನು ತರಿಸಿಕೊಂಡ. ಇನ್ನು ಬೇಕಾದದ್ದು ಕಂಪ್ಯೂಟರ್. ಹಳೆಯ ಆಟದ ಯಂತ್ರದ ಸೋಗು ಹಾಕಿ ಕುಣಿಯಬಲ್ಲ, ಹನ್ನೆರಡು ಸಾವಿರದೊಳಗೆ ಸಿಗುವ, ಲಿನಕ್ಸ್ ಒಪ್ಪುವ ಕಂಪ್ಯೂಟರ್. ಲಿನಕ್ಸ್ ಯಾಕೆ? ಪುಕ್ಕಟೆ ಸಿಗುತ್ತದೆ, ವಯಸ್ಸಾದ ಯಂತ್ರದ ಮೇಲೆ ಭಾರ ಹೇರುವುದಿಲ್ಲ. ಆದರೆ ಎಲ್ಲ ಯಂತ್ರಕ್ಕೂ ಒಗ್ಗುವುದಿಲ್ಲ. ಕಷ್ಟ ಇರುವುದು ಅಲ್ಲೇ.

"ಅಣ್ಣಾ, ಅದss ಆಟ ಮೊಬೈಲ್‌ನ್ಯಾಗ ಐತಲ್ರಿ" ಎಂದೆ ನಾನು.

"ಮೊಬೈಲಿಗೆ ಒಂದು ಬಟ್ಟು ಸಾಕು, ತಮ್ಮಾ. ನನಗ ಎರಡೂ ಕೈ ಬೇಡೋ ಆಟ ಬೇಕು."

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಬೆಟಗೇರಿಯ ಹಳೆ ಸಾಮಾನಿನ ವ್ಯಾಪಾರಿ. ಕೈಗಾಡಿ ತಳ್ಳಿಕೊಂಡು ಹಳೇ ಪತ್ರಾಸು ತಗಡು, ಖಾಲಿ ಬಾಟಲಿಯಿಂದ ಶುರು ಮಾಡಿ, ಈಗ ಮುಚ್ಚಿದ ಆಫೀಸುಗಳನ್ನು ಕುರ್ಚಿ ಬೀರು ಸಮೇತ ಎತ್ತುವ ಮಟ್ಟಕ್ಕೆ ಬಂದವನು. ಹೇಳಿದ ಬೆಲೆಗೆ ನಾನು ಕೊಂಡದ್ದು ನನ್ನ ಮದುವೆಯ ತಾಳಿ ಒಂದೇ. ಅದೂ ಮಾವನವರು ಪಕ್ಕದಲ್ಲಿ ನಿಂತಿದ್ದರು ಎಂದು. ಇಂಥವನು ಇರುವಾಗ ಷಡ್ಡಕ ಊರೂರು ಯಾಕೆ ಅಲೆಯಬೇಕು? ಶಿರಹಟ್ಟಿಯಲ್ಲಿ ಒಂದು ನೆಟ್ ಸೆಂಟರ್ ಮುಚ್ಚುತ್ತಿದೆ ಎಂಬ ಖಬರ ಬಂದದ್ದೇ ತಡ, ಓಡಿದೆ. ಅಲ್ಲೊಂದು ಕಂಪ್ಯೂಟರ್ ಇತ್ತು ನೋಡಿ! ಆಳೆತ್ತರದ ಡಬ್ಬಿ, ಗಾಜಿನ ಬಾಗಿಲು, ಒಳಗೆ ಕೆಂಪು ನೀಲಿ ಹಸಿರು ದೀಪಗಳ ಮೆರವಣಿಗೆ. ಹದಿನೆಂಟು ಸಾವಿರ ಹೇಳಿದ್ದನ್ನು ಎರಡು ಸಲ ಬಾಗಿಲವರೆಗೆ ಎದ್ದು ಹೋಗಿ, ಒಂದು ಸಲ ಬಸ್ಸನ್ನೇ ಹತ್ತಿ ಇಳಿದು, ಹನ್ನೊಂದಕ್ಕೆ ತಂದೆ.

ಷಡ್ಡಕ ನನ್ನ ಗೋದಾಮಿಗೆ ಬಂದ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮೂಸಿದ. ಬೆನ್ನು ತಟ್ಟಿದ. ಹಿಂಭಾಗದ ತೂತುಗಳನ್ನೆಲ್ಲ ಬೆರಳಿಟ್ಟು ಎಣಿಸಿದ. ಅದು ಹಲ್ಲು ನೋಡುವುದು. ಆಮೇಲೆ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದ. ದೀಪಗಳು ಕುಣಿದವು, ಫ್ಯಾನು ಗರ್ಜಿಸಿತು, ಪರದೆ ಮಾತ್ರ ಅಮಾವಾಸ್ಯೆ! ಅರ್ಧ ಗಂಟೆ ಕಾದೆವು. ಒಳಗಿದ್ದ ಗ್ರಾಫಿಕ್ಸ್ ಕಾರ್ಡಿಗೂ ಲಿನಕ್ಸಿಗೂ ಮಾತುಕತೆ ಇರಲಿಲ್ಲ.

"ಕೋಡು ಚಂದ ಅದಾವು" ಎಂದ ಷಡ್ಡಕ. "ಆದ್ರ ಎತ್ತು ಏಳವಲ್ದು."

ನೀವೂ ಇಂಥ ಖರೀದಿಗೆ ಹೊರಟವರಾದರೆ ಒಂದು ಮಾತು ಕಿವಿಗೆ ಹಾಕಿಕೊಳ್ಳಿ. ಹಳೆಯ ಆಟಗಳಿಗೆ ಬೇರೆ ಕಾರ್ಡಿನ ಗೊಡವೆಯೇ ಬೇಡ. ಪ್ರೊಸೆಸರಿನ ಒಳಗೇ ಗ್ರಾಫಿಕ್ಸ್ ಇರುವ ಬೂದು ಬಣ್ಣದ ಆಫೀಸ್ ಡಬ್ಬಿ ಸಾಕು. ಎಂಟು ಜಿಬಿ ರ್‍ಯಾಮ್, ಸಣ್ಣದೊಂದು ಎಸ್‌ಎಸ್‌ಡಿ. ದೀಪಗಳಿಗೆ ದುಡ್ಡು ಕೊಡಬೇಡಿ. ನಾನು ಕೊಟ್ಟಿದ್ದೆನಲ್ಲ? ಆ ಡಬ್ಬಿಯನ್ನು ಮದುವೆ ಮಂಟಪಕ್ಕೆ ಲೈಟಿಂಗ್ ಮಾಡುವವನಿಗೆ ಐನೂರು ಲಾಭಕ್ಕೆ ಮಾರಿದೆ, ಅದು ಬೇರೆ ಮಾತು.

ಮುಂದಿನ ವಾರ ಗದಗಿನಲ್ಲಿ ಹಳೆ ಕಂಪ್ಯೂಟರ್ ಮಾರುವ ಅಂಗಡಿಗೆ ಹೋದೆವು. ನಡೆಸುವವರು ನಲವತ್ತು ದಾಟಿದ ಹೆಣ್ಣುಮಗಳು, ಬಲು ಖಡಕ್ ವ್ಯಾಪಾರಿ. ಯಂತ್ರ ತೋರಿಸಿದರು. ಷಡ್ಡಕ ಒಮ್ಮೆ ಕೆಮ್ಮಿ, ಗೋಡೆಯ ಕಡೆ ತಿರುಗಿ, ಅಂಗಿ ಮೇಲೆತ್ತಿ ಸೊಂಟದಲ್ಲಿ ಏನೋ ತಡಕಾಡತೊಡಗಿದ. ನನಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು. ಅಂಗಡಿಯವರು ಕೈಗೆ ಕೀಬೋರ್ಡ್ ಎತ್ತಿಕೊಂಡರು, ಮಾರಲಿಕ್ಕಲ್ಲ.

"ಏನ್ ಹುಡುಕಾಕತ್ತೀರಿ ಯಜಮಾನ್ರ?"

"ಲಿನಕ್ಸ್" ಎಂದ ಷಡ್ಡಕ, ತಿರುಗದೆ.

ಅಂಗಿಯ ಕಿಸೆಯಲ್ಲಿದ್ದ ಎರಡು ಪೆನ್‌ಡ್ರೈವ್‌ಗಳು ಒಗ್ಗರಣೆ ಕಲೆಯ ಜೊತೆಗೆ ಒಗೆತದಲ್ಲಿ ಹೋದ ಮೇಲೆ ಮೂರನೆಯದನ್ನು ಉಡದಾರಕ್ಕೇ ಕಟ್ಟಿಕೊಂಡಿದ್ದ! ಬಿಚ್ಚಲು ಬರುತ್ತಿರಲಿಲ್ಲ, ಗಂಟು ಹಾಗಿತ್ತು. ಹೀಗಾಗಿ ಯಂತ್ರವನ್ನೇ ಮೇಜಿನ ತುದಿಗೆ ಎಳೆದು, ಅದಕ್ಕೆ ಸೊಂಟ ಆನಿಸಿ ನಿಂತು ಪರೀಕ್ಷೆ ನಡೆಸಿದ. ಅವನು ಅತ್ತಿತ್ತ ಸರಿದರೆ ಲಿನಕ್ಸ್ ನಿಂತುಹೋಗುತ್ತಿತ್ತು.

ನಗಬೇಡಿ, ಪರೀಕ್ಷೆಯ ಕ್ರಮ ಮಾತ್ರ ಕಲಿಯುವಂಥದ್ದು. ಮೊದಲು ಪರದೆ. ಆಮೇಲೆ ಸದ್ದು. ಆಮೇಲೆ ವೈಫೈ. ಕೊನೆಗೆ ಯಂತ್ರವನ್ನು ಮಲಗಿಸಿ ಎಬ್ಬಿಸುವುದು. ಮಲಗಿದ್ದು ಏಳದಿದ್ದರೆ ಅದು ಮುಂದೆಯೂ ಕೈಕೊಡುತ್ತದೆ. ಗದಗಿನ ಯಂತ್ರ ಎದ್ದಿತು, ಹಾಡಿತು, ಆದರೆ ವೈಫೈ ಲಿನಕ್ಸಿನ ಕಣ್ಣಿಗೇ ಬೀಳಲಿಲ್ಲ. ನಾಲ್ಕುನೂರು ರೂಪಾಯಿಯ ಸಣ್ಣ ತುಂಡು ಚುಚ್ಚಿದರೆ ಸರಿಹೋಗುತ್ತದೆ ಎಂದೆ. ಅಂಗಡಿಯವರೂ ಅದನ್ನೇ ಹೇಳಿದರು.

"ಒಂದು ಕಣ್ಣು ಕಾಣದ ಎತ್ತಿಗೆ ಚಾಳೀಸ ಹಾಕಿ ಹೊಡಕೊಂಡು ಹೋಗ್ಲೇನು?" ಎಂದ ಷಡ್ಡಕ. ಅಂಗಡಿಯವರು ನನ್ನ ಕಡೆ ತಿರುಗಿ, "ಇವರನ್ನ ಮನ್ಯಾಗ ಹೆಂಗ ಇಟಗೊಂಡೀರಿ?" ಎಂದರು. ನಾನು ಷಡ್ಡಕ ಎಂದು ಮಾತ್ರ ಹೇಳಿ ಜವಾಬ್ದಾರಿ ಕಳಚಿಕೊಂಡೆ.

ಹೀಗೆ ತಿಂಗಳು ಕಳೆಯಿತು. ಪ್ರತಿ ಸಲ ಲಕ್ಷ್ಮೇಶ್ವರಕ್ಕೆ ಹೋದಾಗ ನೋಡುತ್ತಿದ್ದೆ, ಅಕ್ಕನ ಎಡಗೈ ಸೀರೆಯ ಮಡಿಲಲ್ಲಿ ಬೇರೆ ಯಾರದೋ ಸಾಮಾನಿನಂತೆ ಬಿದ್ದಿರುತ್ತಿತ್ತು. ಬೆರಳು ಒಳಕ್ಕೆ ಮಡಚುತ್ತ ಬಂದಿದ್ದವು. ಷಡ್ಡಕನ ಓಡಾಟ ಹೆಚ್ಚುತ್ತ ಹೋಯಿತು. ಹತ್ತನೆಯ ಯಂತ್ರವೂ ಬೇಡವಾದಾಗ ನಾನೇ ರೇಗಿದೆ, "ಅಣ್ಣಾ, ಕೈ ಕಾಯಂಗಿಲ್ರಿ."

"ಅದಕ್ಕss ತಮ್ಮಾ. ಆಕಿ ಒಮ್ಮೆ ಕುಂಡ್ರತಾಳ. ಆವಾಗ ಯಂತ್ರ ಕೈಕೊಟ್ರ ಮತ್ತೊಮ್ಮಿ ಕುಂಡ್ರಂಗಿಲ್ಲ."



ಹನ್ನೊಂದನೆಯದು ಸಿಕ್ಕಿದ್ದು ಮುಂಡರಗಿಯಲ್ಲಿ. ಕಾಳಿನ ವ್ಯಾಪಾರ ಬಿಟ್ಟ ಒಬ್ಬ ಮುದುಕರು ತಮ್ಮ ಅಡತಿ ಅಂಗಡಿಯ ಸಾಮಾನು ಮಾರುತ್ತಿದ್ದರು. ಬೂದು ಬಣ್ಣದ ಪುಟ್ಟ ಡಬ್ಬಿ, ಯಾರೂ ಎರಡನೆಯ ಸಲ ತಿರುಗಿ ನೋಡದಂಥದ್ದು. ಷಡ್ಡಕ ಸೊಂಟ ಆನಿಸಿದ. ಪರದೆ ಬಂತು. ಸದ್ದು ಬಂತು. ವೈಫೈ ತಾನಾಗಿ ಹಿಡಿಯಿತು. ಮಲಗಿಸಿದ, ಎದ್ದಿತು. ಮತ್ತೆ ಮಲಗಿಸಿದ, ಮತ್ತೆ ಎದ್ದಿತು! ತಂದಿದ್ದ ಆಟದ ಹಿಡಿಕೆಯನ್ನು, ಎರಡೂ ಕೈಯಲ್ಲಿ ಹಿಡಿಯುವ ಕಂಟ್ರೋಲರನ್ನು, ಚುಚ್ಚಿದ, ಕೇಳದೇ ಗುರುತಿಸಿತು. (ಹಿಡಿಕೆ ವೈರಿನದೇ ಕೊಳ್ಳಿ. ವೈರಿಲ್ಲದ್ದು ಬ್ಯಾಟರಿ ತಿನ್ನುತ್ತದೆ, ನಡುವೆ ಮುನಿಸಿಕೊಳ್ಳುತ್ತದೆ.) ಇನ್ನು ನನ್ನ ಸರದಿ ಎಂದು ಅಂಗಿಯ ತೋಳು ಮಡಚಿ ಮುಂದೆ ಬಂದೆ.

ಷಡ್ಡಕ ಹೆಗಲಿನ ಟವೆಲ್ ತೆಗೆದು ಮುದುಕರ ಕೈ ಮೇಲೆ ಹಾಸಿದ. ಮುದುಕರ ಮುಖ ಅರಳಿತು. ಅವರೂ ಸಂತೆ ಕಂಡವರೇ! ಇಬ್ಬರ ಕೈಗಳೂ ಟವೆಲಿನ ಕೆಳಗೆ ಹೋದವು. ದನದ ಸಂತೆಯ ಪದ್ಧತಿ ಇದು, ಬೆಲೆ ಬಾಯಲ್ಲಿ ಹೇಳುವುದಿಲ್ಲ, ಬೆರಳು ಹಿಡಿದು ಹೇಳುತ್ತಾರೆ, ಮೂರನೆಯವನಿಗೆ ತಿಳಿಯಬಾರದು. ಅಲ್ಲಿ ಮೂರನೆಯವನು ನಾನು! ಇಪ್ಪತ್ತೈದು ವರ್ಷದಿಂದ ಚೌಕಾಸಿಯನ್ನೇ ಉಸಿರಾಡಿದವನು ಕಣ್ಣೆದುರಿಗೆ ನಡೆಯುತ್ತಿರುವ ವ್ಯಾಪಾರದ ಒಂದಂಕಿಯೂ ತಿಳಿಯದೆ ಒಂದು ಟವೆಲಿನ ಅಲುಗಾಟ ನೋಡುತ್ತ ನಿಲ್ಲಬೇಕಾಯಿತು. ಮುದುಕರು ತಲೆ ಅಲ್ಲಾಡಿಸಿದರು. ಷಡ್ಡಕ ನಿಟ್ಟುಸಿರುಬಿಟ್ಟ. ಟವೆಲ್ ಏರಿತು, ಇಳಿಯಿತು. "ಆತು" ಎಂದರು ಮುದುಕರು. ಎಷ್ಟಕ್ಕೆ ಆಯಿತು ಎಂದು ಷಡ್ಡಕ ಇವತ್ತಿಗೂ ನನಗೆ ಹೇಳಿಲ್ಲ. ಪದ್ಧತಿಯಂತೆ!

ಶಿರಹಟ್ಟಿ ಹಾಯ್ದು ಬರುವ ಬಸ್ಸಿನಲ್ಲಿ ಷಡ್ಡಕ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಜೊತೆ ಲಕ್ಷ್ಮೇಶ್ವರಕ್ಕೆ ಬಂದ. ಹಳೆಯ ಟಿವಿಗೆ ಜೋಡಿಸಿ ನೋಡಿದರೆ ಕರೆಂಟಿನ ವೈರೇ ಇಲ್ಲ. ಮುದುಕರಿಗೆ ಫೋನ್ ಮಾಡಿದೆ.

"ಎತ್ತು ಮಾರಿದಾವ ಹಗ್ಗ ಕೊಡತಾನೇನ್ರಿ?" ಎಂದರು ಅವರು, ನನ್ನ ಅಜ್ಞಾನಕ್ಕೆ ಮರುಗುತ್ತ. "ನಮ್ಮ ಹಗ್ಗ ನಾವು ಬಿಚಗೋತೀವಿ. ಹೊಸಾ ಹಗ್ಗ ನೀವು ಹಾಕ್ಕೊಬೇಕು."

ಷಡ್ಡಕ ಪಕ್ಕದಲ್ಲಿ ಗಂಭೀರವಾಗಿ ತಲೆದೂಗಿದ. "ಖರೆ ಐತಿ. ದೊಡ್ಡ ಮನಶ್ಯಾ." ಪುಣ್ಯಕ್ಕೆ ಈ ಹಗ್ಗ ಎಲ್ಲ ಡಬ್ಬಿಗಳಿಗೂ ಒಂದೇ. ನನ್ನ ಗೋದಾಮಿನಲ್ಲಿ ಅಂಥದ್ದು ಒಂದು ಚೀಲ ತುಂಬ ಇದೆ.

ಮರುದಿನ ಬೆಳಗ್ಗೆ ಒಂದನ್ನು ಹಿಡಿದುಕೊಂಡು ಬೆಟಗೇರಿಯಿಂದ ಹೋದೆ. ಜೋಡಿಸಿ, ಲಿನಕ್ಸ್ ಹಾಕಿ, ಕ್ಯಾಸೆಟ್ಟಿನ ಆಟ ಇಳಿಸಿದೆವು. ಆಟ ಶುರುವಾಯಿತು: ಅದೇ ಬಣ್ಣ, ಅದೇ ಕೀಚಲು ಸಂಗೀತ. ಅಡಿಗೆಮನೆಯಿಂದ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಪರದೆ ನೋಡಿದಳು. ಮುಖ ಬಿಗಿಯಿತು.

"ಯಾಕ, ಅಣಕಸ್ತೀರೇನು? ಒಂದು ಕೈಲೆ ಹೆಂಗ ಆಡ್ಲಿ?"

"ಎಡಗೈ ನಾ ಆಗ್ತೀನಿ" ಎಂದ ಷಡ್ಡಕ. "ಬಲಗೈ ನಿಂದು. ಬಾ, ಕುಂಡ್ರು."

ಅವಳು ಕೂತದ್ದು ಅವನಿಗಾಗಿಯೋ ಆ ಸಂಗೀತಕ್ಕಾಗಿಯೋ ನಾನು ಹೇಳಲಾರೆ. ಹಿಡಿಕೆಯ ಬಲತುದಿಯನ್ನು ಅವಳು ಹಿಡಿದಳು. ಎಡತುದಿಯನ್ನು ಅವನು ಹಿಡಿದು ಅವಳ ಮಡಿಲ ಮೇಲೆ ಆನಿಸಿದ. ಇಟ್ಟಿಗೆ ಬೀಳತೊಡಗಿದವು. ಹತ್ತು ವರ್ಷ ವಿಡಿಯೋ ಗೇಮಿನ ಅಂಗಡಿ ನಡೆಸಿದ ಈ ಮಹಾನುಭಾವ ಎಷ್ಟು ಕೆಟ್ಟದಾಗಿ ಆಡುತ್ತಾನೆಂದು ನನಗೆ ಅಂದೇ ತಿಳಿದದ್ದು!

"ಎಡಕ್ಕ ಒಯ್ರಿ. ಎಡಕ್ಕ. ಅದು ಬಲ ಅಲ್ಲೇನ್ರಿ?"

"ಒಯ್ದೆ."

"ಎಲ್ಲೆ ಒಯ್ದ್ರಿ, ಗುಡ್ಡದ ಮ್ಯಾಲೆ ಇಟ್ಟೀರಿ. ಸಂದು ಕಾಣಂಗಿಲ್ಲ ನಿಮಗ?"

ಮೂರು ಆಟ ಸೋತರು. ನಾಲ್ಕನೆಯದರಲ್ಲಿ ಅಕ್ಕ ಬಲಗೈಯಿಂದ ಇಟ್ಟಿಗೆಯನ್ನು ಸರಿಯಾಗಿ ತಿರುಗಿಸಿ ನಿಲ್ಲಿಸುತ್ತಿದ್ದಳು, ಇವನು ತಪ್ಪು ಜಾಗಕ್ಕೆ ಒಯ್ದು ಹಾಕುತ್ತಿದ್ದ. ಐದನೆಯದರಲ್ಲಿ ಉದ್ದನೆಯ ಇಟ್ಟಿಗೆಯೊಂದು ಬಂತು. ಎಡತುದಿಯಲ್ಲಿ ಅದಕ್ಕೆಂದೇ ಬಿಟ್ಟ ಸಂದು. ಅದು ಇಳಿದರೆ ನಾಲ್ಕು ಸಾಲು ಒಮ್ಮೆಲೇ ಮಾಯ. ಷಡ್ಡಕನ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು.

"ಎಡಕ್ಕ" ಎಂದಳು ಅಕ್ಕ. "ಒತ್ತರಿ. ಒತ್ತರಿ ಅಂದ್ರ." ಮಡಿಲಲ್ಲಿದ್ದ ಎಡಗೈ ಅಲುಗಿತು. ಬಲು ನಿಧಾನವಾಗಿ, ನಡುಗುತ್ತ ಎದ್ದು ಬಂತು. ಮಡಚಿದ ಹೆಬ್ಬೆರಳು ಅವನ ಹೆಬ್ಬೆರಳಿನ ಮೇಲೆ ಕೂತು ಅದುಮಿತು. "ನಿಮಗ ಯಾವಾಗ ಬರತೈತೋ, ಶಿವನೇ."

ಇಟ್ಟಿಗೆ ಒಂದು ಮನೆ ಎಡಕ್ಕೆ ಸರಿಯಿತು. ಮತ್ತೆ ಅದುಮಿತು. ಇನ್ನೊಂದು ಮನೆ. ಸಂದು ಮುಟ್ಟುವಷ್ಟರಲ್ಲಿ ಇಟ್ಟಿಗೆ ಗುಡ್ಡದ ಮೇಲೆ ಕೂತುಬಿಟ್ಟಿತು, ಅದರ ಮೇಲೆ ಇನ್ನೊಂದು, ಮತ್ತೊಂದು. ಅಕ್ಕನ ಕಣ್ಣು ಪರದೆಯ ಮೇಲೇ ಇತ್ತು. ತನ್ನ ಕೈ ಏನು ಮಾಡಿತೆಂದು ಅವಳಿಗಿನ್ನೂ ಗೊತ್ತಿರಲಿಲ್ಲ. ಷಡ್ಡಕ ಪರದೆ ನೋಡುತ್ತಿರಲಿಲ್ಲ.

ಆಟ ಮುಗಿಯಿತು.

"ಮತ್ತೊಮ್ಮಿ ಹಚ್ಚರಿ" ಎಂದಳು ಅಕ್ಕ.

ಶುರು ಮಾಡುವ ಗುಂಡಿ ಹಿಡಿಕೆಯ ನಡುವೆಯೇ ಇತ್ತು, ಷಡ್ಡಕನ ಇನ್ನೊಂದು ಕೈ ಮೊಣಕಾಲಿನ ಮೇಲೆ ಖಾಲಿಯಾಗಿಯೇ ಇತ್ತು. ಅವನು ಅಲುಗಲಿಲ್ಲ. ಅವಳ ಹೆಬ್ಬೆರಳು ಇನ್ನೂ ಅವನ ಬೆರಳಿನ ಮೇಲಿತ್ತು.

"ತಮ್ಮಾ, ನೀ ಬಂದು ಒತ್ತು" ಎಂದ. "ನನ್ನ ಕೈ ಖಾಲಿ ಇಲ್ಲ."

ನಾನು ವಾದಿಸಲಿಲ್ಲ. ಎದ್ದು ಹೋಗಿ ಒತ್ತಿದೆ.