ಪೋತಚ್ಚನ ಗಾಳಿಗೂಡು

ಪೋತಚ್ಚನ ಮಂಚದ ಮೇಲೆ ಈಗ ಕೋಳಿಗಳು ಮಲಗುತ್ತಿದ್ದವು, ಅದೂ ಫ್ಯಾನಿನ ಕೆಳಗೆ. ಪೋತಚ್ಚ ಜಗಲಿಯಲ್ಲಿ ಬಿದ್ದುಕೊಂಡು ಹಿನ್ನೀರಿನ ಕುಟ್ಟನಾಡಿನ ಸೊಳ್ಳೆಗಳಿಗೆಲ್ಲ ಔತಣ ಹಾಕುತ್ತಿದ್ದ.

ತಪ್ಪು ಕೋಳಿಗಳದ್ದಲ್ಲ. ಹಿತ್ತಲಿನ ಹಳೆಯ ಗೂಡಿಗೆ ಒಂದು ಕಿಂಡಿಯೂ ಇರಲಿಲ್ಲ. ಬೇಸಿಗೆಯ ಸೆಕೆಗೆ ಒಳಗೆ ಹಿಕ್ಕೆಯ ಘಾಟು ಕಣ್ಣಲ್ಲಿ ನೀರು ತರಿಸುತ್ತಿತ್ತು. ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಡತೊಡಗಿದಾಗ, ಹೆಂಡತಿ ಶೋಶಾಮ್ಮ ಒಂದೊಂದನ್ನೇ ಮಗುವಿನಂತೆ ಎತ್ತಿ ತಂದು ಗಂಡನ ಹಾಸಿಗೆಯ ಮೇಲೆ ಕೂರಿಸಿದ್ದಳು.

ಅಂದು ಬೆಳಿಗ್ಗೆ ಅವಳು ಚರ್ಚಿನಲ್ಲಿ ತಂಗಿಯ ಮೊಮ್ಮಗುವಿನ ಜ್ಞಾನಸ್ನಾನಕ್ಕೆ ಹೊರಟಳು. ಬೋಟು ಹತ್ತುವ ಮುಂಚೆ ತಿರುಗಿ ಗಂಡನಿಗೆ ಹೇಳಿದಳು: "ಇಚ್ಚಾಯ, ಸಂಜೆ ಬೋಟಿಗೆ ಬರ್ತೀನಿ. ಅಷ್ಟರಲ್ಲಿ ಗಾಳಿಯಾಡೋ ಗೂಡು ಎದ್ದಿದ್ರೆ ಮಂಚ ನಿಮ್ದು. ಇಲ್ದಿದ್ರೆ ಅವುಗಳದ್ದೇ."

ಬೋಟಿನಲ್ಲಿ ಟಿಕೆಟ್ ಹರಿದೇ ನಿವೃತ್ತನಾದ ಪೋತಚ್ಚನಿಗೆ ಸುತ್ತಿಗೆಯ ಪರಿಚಯ ಅಷ್ಟಕ್ಕಷ್ಟೆ. ಆದರೂ ಮಂಚದ ಆಸೆ ದೊಡ್ಡದು. ಬಿದಿರು ನೆಟ್ಟು, ನೆಲದಿಂದ ಮೊಣಕಾಲೆತ್ತರಕ್ಕೆ ಅಟ್ಟ ಕಟ್ಟಿ, ಹಲಗೆ ಹೊಡೆಯಲು ನಿಂತ. ಮೊದಲ ಏಟು ಹೆಬ್ಬೆರಳಿಗೆ ಬಿತ್ತು. ಆ ಕೂಗಿಗೆ ಪಕ್ಕದ ಮನೆಯ ಪೈಲಿ, ಮೀಸೆ ಮುಂದೆ, ತಾನು ಹಿಂದೆ, ಬಂದೇಬಿಟ್ಟ. ಅವನು ಹಳೇ ಮಿಲಿಟರಿಯವನು.

"ಏನೋ ಪೋತಚ್ಚಾ, ಶವಪೆಟ್ಟಿಗೆ ಮಾಡ್ತಿದ್ದೀಯಾ?"

"ಕೋಳಿಗೂಡು ಕಣೋ."

"ನಾಲ್ಕೂ ಕಡೆ ಮುಚ್ಚಿದ್ರೆ ಎರಡೂ ಒಂದೇ. ಬಿಸಿಗಾಳಿ ಮೇಲಕ್ಕೆ ಏರತ್ತೆ. ಗೋಡೆಗೂ ಸೂರಿಗೂ ನಡುವೆ ಗೇಣಗಲ ಸಂದು ಬಿಡು. ನನ್ನ ಹತ್ರ ಹಳೇ ತಗಡಿದೆ, ತರ್ತೀನಿ."

ತಗಡು ಬರುವ ಹೊತ್ತಿಗೆ ಎದುರುಮನೆಯ ವಿಲಾಸಿನಿ ಟೀಚರೂ ಬಂದಿದ್ದರು. "ಗಾಳಿ ಹೊರಗೆ ಹೋಗ್ಬೇಕಾದ್ರೆ ಮೊದಲು ಒಳಗೆ ಬರ್ಬೇಡ್ವಾ ಪೈಲಿ? ಕಾಲುವೆ ಕಡೆ ಪೂರ್ತಿ ತಂತಿಬಲೆ ಹಾಕಿ. ನಮ್ಮನೇಲಿ ಸುಮ್ನೆ ಬಿದ್ದಿದೆ."

"ಕೋಳಿಗೆ ನೆಗಡಿಯಾಗತ್ತೆ ಟೀಚರ್!"

"ನಿಮ್ಮ ಕೋಳಿ ಹಿಮಾಲಯದಲ್ಲಿದ್ಯಾ?"

ಇಬ್ಬರ ಜಗಳದಲ್ಲಿ ಪೋತಚ್ಚ ಹೊಡೆದದ್ದನ್ನು ಕೀಳುವುದು, ಕಿತ್ತದ್ದನ್ನು ಹೊಡೆಯುವುದು ಮಾಡಿ ಹಣ್ಣಾದ. ಕೊನೆಗೆ ಒಪ್ಪಂದವಾಯಿತು. ಮೇಲೆ ಸಂದು, ಕಾಲುವೆ ಕಡೆ ಬಲೆ, ಕೋಳಿ ಕೂರುವ ಕೋಲು ಮಾತ್ರ ಗಾಳಿ ನೇರ ಹೊಡೆಯದ ಮೂಲೆಯಲ್ಲಿ.

"ಬಲೆ ಒಳಗಿಂದ ಹೊಡೀರಿ, ಗಟ್ಟಿಯಾಗಿರತ್ತೆ," ಎಂದರು ಟೀಚರ್. ಪೋತಚ್ಚ ಒಳಗೆ ಕೂತು ಹೊಡೆದ. ಅಷ್ಟರಲ್ಲಿ ಪೈಲಿ ಮೇಲೆ ತಗಡು ಹೊದಿಸಿ ಕಲ್ಲು ಹೇರಿದ, ಟೀಚರ್ ಹಿಂದಿನ ಹಲಗೆಗೆ ಕೊನೆಯ ಮೊಳೆ ಹೊಡೆದರು. ಮೂವರೂ ಒಟ್ಟಿಗೆ ಕೆಲಸ ಮುಗಿಸಿದರು. ಪೋತಚ್ಚ ಹೊರಗೆ ಬರಲು ತಿರುಗಿದ.

ಬಾಗಿಲು ಕೋಳಿಯಷ್ಟಿತ್ತು. ಪೋತಚ್ಚ ಹಲಸಿನಹಣ್ಣಿನಷ್ಟಿದ್ದ.

ತಲೆ ಬಂತು, ಭುಜ ಬರಲಿಲ್ಲ. ಆ ಹೊತ್ತಿಗೇ ಮಧ್ಯಾಹ್ನದ ಬೋಟು ಹಿತ್ತಲಿನ ಪಕ್ಕದ ಕಾಲುವೆಯಲ್ಲಿ ಹಾಯಬೇಕೇ! "ಪೋತಚ್ಚಾ, ಟಿಕೆಟ್ ಎಲ್ಲಿವರೆಗೆ?" ಎಂದು ಇಡೀ ಬೋಟು ನಕ್ಕಿತು.

ಹಲಗೆ ಕೀಳಲು ಟೀಚರ್ ಬಿಡಲಿಲ್ಲ, ತಗಡು ಎತ್ತಲು ಪೈಲಿ ಬಿಡಲಿಲ್ಲ. ಅವರು ವಾದ ಮಾಡುತ್ತಿದ್ದಂತೆ ಬಲೆಯಿಂದ ತಣ್ಣನೆ ಗಾಳಿ ಬಂದು, ಪೋತಚ್ಚನ ಬೆನ್ನು ಸವರಿ, ಸೂರಿನ ಸಂದಿನಿಂದ ಹೊರಟುಹೋಯಿತು. ಸೊಳ್ಳೆ ಕಾಟದಲ್ಲಿ ನಿದ್ದೆಗೆಟ್ಟಿದ್ದ ಜೀವ. ಮುದುರಿಕೊಂಡು ಅಲ್ಲೇ ಗೊರಕೆ ಹೊಡೆಯಿತು.

"ನೋಡಿ ಟೀಚರ್, ಇಂಥಾ ಸೆಕೇಲೂ ಒಂದು ಹನಿ ಬೆವರಿಲ್ಲ!" ಪೈಲಿ ಬೆರಗಾದ. ಟೀಚರ್ ಕಣ್ಣು ಕಿರಿದಾಗಿಸಿ ನೋಡಿದರು. ಇಬ್ಬರೂ ಮೊದಲ ಸಲ ಒಂದೇ ಮನಸ್ಸಾಗಿ ತಗಡು ಸರಿಸಿ, ಅವನನ್ನು ಬಾವಿಯಿಂದ ಕೊಡ ಎತ್ತಿದಂತೆ ಮೇಲೆತ್ತಿದರು.

ಪೋತಚ್ಚ ಮಿಂದು, ಹೊಸ ಮುಂಡು ಉಟ್ಟು, ಸಂಜೆಯ ಬೋಟಿನಿಂದಿಳಿದ ಹೆಂಡತಿಯನ್ನು ರಾಜನಂತೆ ಹಿತ್ತಲಿಗೆ ಕರೆತಂದ. ಗೂಡು ನೋಡಿ ಶೋಶಾಮ್ಮನ ಮುಖ ಅರಳಿತು. ಕೋಲಿನ ತುಂಬ ಕೋಳಿಗಳು ಒತ್ತೊತ್ತಾಗಿ ಕೂತು ಕೊಕ್ಕೊಕ್ ಎನ್ನುತ್ತಿದ್ದವು.

"ಎಷ್ಟು ಚೆನ್ನಾಗಿದೆ ಇಚ್ಚಾಯ! ಆದ್ರೆ... ಇವು ನಮ್ಮವಲ್ಲವಲ್ಲ?"

"ಕರೀವು ನನ್ನವು," ಟೀಚರ್ ಜೊತೆ ಗೂಡಿನ ಪಕ್ಕದಲ್ಲೇ ನಿಂತಿದ್ದ ಪೈಲಿ ಮೀಸೆ ತಿರುವಿದ. "ನನ್ನ ತಗಡಿನ ಕೆಳಗೆ ನನ್ನ ಕೋಳಿ ಕೂತ್ರೆ ತಪ್ಪೇನು?"

"ಕೆಂಪಿನವು ನಮ್ಮವು," ಎಂದರು ಟೀಚರ್. "ಬಲೆ ನಂದಲ್ವಾ?"

"ಹಾಗಾದ್ರೆ ನಂದೇನು?" ಪೋತಚ್ಚನ ದನಿ ಅಳುವಂತಿತ್ತು.

"ಮೊಳೆ," ಎಂದ ಪೈಲಿ. "ಬೇಕಾದ್ರೆ ಕಿತ್ಕೋ."

ಮನೆಯೊಳಗಿಂದ, ಫ್ಯಾನಿನ ಕೆಳಗಿಂದ, ಅವನ ಹುಂಜ ಕೂಗಿತು.

ಶೋಶಾಮ್ಮ ಜಗಳಕ್ಕೆ ಹೋಗಲಿಲ್ಲ. ಸೂರಿನ ಸಂದಿಗೆ ಅಂಗೈ ಹಿಡಿದು ಗಾಳಿ ನೋಡಿದಳು. "ನಿಮ್ಮ ಕೈಗೆ ಇಷ್ಟು ಕೆಲಸ ಗೊತ್ತು ಅಂತ ನನಗೇ ಗೊತ್ತಿರ್ಲಿಲ್ಲ," ಅಂದಳು ಮೆಲ್ಲಗೆ. ಪೋತಚ್ಚನ ಊದಿದ ಹೆಬ್ಬೆರಳು ಆ ಮಾತಿಗೇ ಅರ್ಧ ವಾಸಿಯಾಯಿತು. "ನಾಳೆ ಇನ್ನೊಂದು ಕಟ್ಟೋಣ. ಹಲಗೆ ನಾನು ಹಿಡೀತೀನಿ. ಯಾರ ಹತ್ರಾನೂ ಒಂದು ಕಡ್ಡಿ ಕೇಳೋದು ಬೇಡ."

ಆಮೇಲೆ, ಬೋಟಿನಲ್ಲೇ ಸುದ್ದಿಯೆಲ್ಲ ಕೇಳಿಕೊಂಡು ಬಂದಿದ್ದ ಅವಳು ತೆಂಗಿನ ನಾರಿನ ಹಗ್ಗವೊಂದನ್ನು ತಂದು, ಹೊಸ ಬಾಗಿಲಿನ ಅಳತೆಗೆಂದು ಗಂಡನ ಹೊಟ್ಟೆಯ ಸುತ್ತ ಬಳಸಿದಳು.

"ಉಸಿರು ಹಿಡ್ಕೋಬೇಡಿ," ಎಂದಳು, "ನಿಜವಾದ ಅಳತೆ ಬರ್ಲಿ."